ಅತ್ತೆಯವರ ಖಲಬತ್ತಾ ಇಟಲಿಗೆ ಹೋಗಿ ಬಂದದ್ದು

ಸದಲಗಾ

ಇಟಲಿಯವರು ಕರೆದದ್ದು ನಮ್ಮ ಅತ್ತೆಯವರ ಖಲಬತ್ತಾವನ್ನು. ಅದನ್ನು ಹೊತ್ತುಕೊಂಡು ಹೋಗಲು ಆಳು ಬೇಕಲ್ಲ, ಹಾಗಾಗಿ ಮಾವನವರೂ ನಾನೂ ಹೋಗಿ ಬಂದೆವು. ಹೀಗೆ ಹೇಳಿದರೆ ಮಾವನವರಿಗೆ ಸಿಟ್ಟು ಬರುತ್ತದೆ. ಅವರ ಪ್ರಕಾರ ಇಟಲಿ ದೇಶವೇ ಕೈಮುಗಿದು ಅವರನ್ನು ಕರೆಸಿಕೊಂಡಿತು. ಬಂದ ಕಾಗದ ಓದಿದವಳು ನಾನು, ನನಗೆ ಗೊತ್ತಿಲ್ಲವೇ?

ಖಲಬತ್ತಾ ಎಂದರೆ ನಮ್ಮ ಕಡೆ ಮಸಾಲೆ ಕುಟ್ಟುವ ಸಣ್ಣ ಒರಳು. ನಮ್ಮ ಮನೆಯದು ಮಾತ್ರ ಅಂಗಡಿಯಿಂದ ಬಂದದ್ದಲ್ಲ. ಎರಡನೆಯ ಮಹಾಯುದ್ಧದಲ್ಲಿ ತೋಪಿನಿಂದ ಗುಂಡು ಹಾರಿಹೋದ ಮೇಲೆ ಉಳಿದ ಹಿತ್ತಾಳೆಯ ಕವಚ ಅದು. ಗೇಣಿಗಿಂತ ತುಸು ಎತ್ತರ, ಬುಡ ದಪ್ಪ. ಮಾವನವರು ಹತ್ತೊಂಬತ್ತನೆಯ ವಯಸ್ಸಿಗೆ ಪಲ್ಟನ್ ಸೇರಿ ಇಟಲಿಗೆ ಹೋಗಿದ್ದರು. ಬಂದೂಕು ಹಿಡಿಯಲು ಅಲ್ಲ, ಖಚ್ಚರ ಹೊಡೆಯಲು. ಖಚ್ಚರ ಎಂದರೆ ಹೇಸರಗತ್ತೆ. ಲಾರಿ ಹತ್ತದ ಗುಡ್ಡಗಳ ಮೇಲಿನ ತೋಪುಗಳಿಗೆ ಗುಂಡು ಮುಟ್ಟಿಸುವುದು, ಬರುವಾಗ ಖಾಲಿ ಕವಚಗಳನ್ನು ಕೆಳಗಿಳಿಸುವುದು, ಇದು ಅವರ ಯುದ್ಧ. ಅಂಥ ಒಂದು ಕವಚವನ್ನು ಕಂಬಳಿಯಲ್ಲಿ ಸುತ್ತಿ ಊರಿಗೆ ತಂದಿದ್ದರು. ಮದುವೆಯಾಗಿ ಬಂದ ಅತ್ತೆ ಅದನ್ನು ಮೊದಲ ದಿನ ನೋಡಿದರು, ಎರಡನೆಯ ದಿನ ಅದರಲ್ಲಿ ಬೆಳ್ಳುಳ್ಳಿ ಜಜ್ಜಿದರು. ಆಮೇಲೆ ನಲವತ್ತೇಳು ವರ್ಷ ಅದರಲ್ಲಿ ಶೇಂಗಾ ಹಿಂಡಿ, ಅಂದರೆ ರೊಟ್ಟಿಗೆ ಹಚ್ಚಿಕೊಳ್ಳುವ ಚಟ್ನಿ, ಕುಟ್ಟಿದ್ದಾರೆ. ಹುರಿದ ಶೇಂಗಾ, ಕೆಂಪು ಖಾರ, ಬೆಳ್ಳುಳ್ಳಿ, ಉಪ್ಪು. ಓಣಿಯ ಹೆಂಗಸರೆಲ್ಲ ಖಲಬತ್ತಾವನ್ನು ಕೈಗಡ ಒಯ್ಯುತ್ತಾರೆ. ಬೇರೆ ಯಾವ ಒರಳಲ್ಲೂ ಹಿಂಡಿಗೆ ಆ ರುಚಿ ಬರುವುದಿಲ್ಲ ಎಂಬುದು ಸದಲಗಾದ ಎಲ್ಲ ಜಾತಿ, ಎಲ್ಲ ಪಕ್ಷದವರೂ ಒಪ್ಪಿದ ಮಾತು.

ಯುದ್ಧ ಮುಗಿದು ಐವತ್ತು ವರ್ಷವಾದ ಸುಮಾರಿಗೆ ಆ ಕಾಗದ ಬಂತು. ಮಾವನವರು ಗುಂಡು ಹೊತ್ತ ಗುಡ್ಡದ ಮೇಲಿನ ಊರಿನವರು ಯುದ್ಧದ ಅವಶೇಷಗಳನ್ನೆಲ್ಲ ಕೂಡಿಸಿ ಚೌಕದಲ್ಲಿ ಒಂದು ಶಿಲ್ಪ ನಿಲ್ಲಿಸುವವರಿದ್ದರು. ಅಂದಿನ ಸೈನಿಕರು ತಮ್ಮಲ್ಲಿದ್ದ ಒಂದೊಂದು ತುಣುಕು ಹಿಡಿದು ಬರಬೇಕು, ಖರ್ಚೆಲ್ಲ ಅವರದೇ.

ಅತ್ತೆ ಕಾಗದವನ್ನು ಮುಟ್ಟಿಯೂ ನೋಡಲಿಲ್ಲ.

"ಅವರಿಗೆ ಬೇಕಾದ್ರ ಇವರನ್ನ ಇಟ್ಕೊಳ್ಳಲಿ. ಖಲಬತ್ತಾ ಯಾಕ?"

"ಬರೇ ತೋರ್ಸಿ ತರತೀನಿ," ಎಂದರು ಮಾವ.

ನನ್ನ ಗಂಡ ಹೋಗುವಂತಿರಲಿಲ್ಲ, ಎರಡು ಎಮ್ಮೆ ಈಯುವುದಿತ್ತು. ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವವಳು ಎಂದು ನನ್ನನ್ನು ಆರಿಸಿದರು. ಹದಿನೈದು ವರ್ಷ ಇಂಗ್ಲಿಷ್ ಕಲಿಸಿದ್ದೇನೆ ನಿಜ. ಆದರೆ ಕನ್ನಡವೋ ಮರಾಠಿಯೋ ಬಾರದ ಮನುಷ್ಯನ ಜೊತೆ ಅದನ್ನು ಒಂದು ದಿನವೂ ಆಡಿರಲಿಲ್ಲ. ಹೊರಡುವ ದಿನ ಅತ್ತೆ ನನ್ನನ್ನು ಅಡಿಗೆಮನೆಗೆ ಕರೆದರು.

"ಮಾಲು, ನಿಮ್ಮ ಮಾವನ್ನ ಮರ್ತ ಬಂದ್ರೂ ನಡೀತೈತಿ. ಇದನ್ನ ಮಾತ್ರ ಮರೀಬ್ಯಾಡ."

ಅತ್ತೆ ನಗಲಿಲ್ಲ, ಆದ್ದರಿಂದ ನಾನೂ ನಗಲಿಲ್ಲ.

ಮುಂಬಯಿ

ವಿಮಾನ ನಿಲ್ದಾಣದಲ್ಲಿ ಚೀಲಗಳ ಒಳಗನ್ನು ತೋರಿಸುವ ಯಂತ್ರದ ಮುಂದೆ ನಮ್ಮನ್ನು ನಿಲ್ಲಿಸಿದರು. ತೋಪಿನ ಗುಂಡಿನ ಆಕಾರದ್ದು ಚೀಲದಲ್ಲಿದ್ದರೆ ನಿಲ್ಲಿಸದೆ ಆರತಿ ಎತ್ತುತ್ತಾರೆಯೇ? ಗಂಟು ಬಿಚ್ಚಿಸಿದ ಅಧಿಕಾರಿ, ಹೇ ಕಾಯ್ ಆಹೇ, ಇದೇನು ಎಂದು ಮರಾಠಿಯಲ್ಲಿ ಗದರಿದ. ಮಾವನವರು ಎದೆ ಸೆಟೆಸಿ ನಿಂತು ಪಲ್ಟನ್ನಿನ ನಂಬರಿನಿಂದ ಶುರು ಮಾಡಿದರು. ಹೀಗೇ ಬಿಟ್ಟರೆ ಇಬ್ಬರೂ ಜೇಲಿಗೇ ಎಂದುಕೊಂಡು ನಾನು ನಡುವೆ ಬಾಯಿ ಹಾಕಿ, ಖಲಬತ್ತಾ ಎಂದೆ.

ಅಧಿಕಾರಿ ಒಳಗೆ ಇಣುಕಿದ. ಮೂಸಿದ. ಮುಖದ ಗಂಟು ಸಡಿಲಾಯಿತು. "ಶೇಂಗದಾಣಾ?" ಎಂದು ಕೇಳಿದ. ಹೌದೆಂದೆ. ತನ್ನ ತಾಯಿ ಇದಕ್ಕೆ ಜೀರಿಗೆ ಹಾಕುತ್ತಿದ್ದಳು, ನೀವು ಹಾಕುತ್ತೀರೋ ಎಂದು ವಿಚಾರಿಸಿದ. ಹಿಂದೆ ಸರತಿಯಲ್ಲಿದ್ದವರು ಗೊಣಗಾಡಿದರೂ ಜೀರಿಗೆಯ ಪ್ರಶ್ನೆ ಇತ್ಯರ್ಥವಾಗುವ ತನಕ ನಮ್ಮನ್ನು ಬಿಡಲಿಲ್ಲ. ಕನ್ನಡ-ಮರಾಠಿ ಎಂಬ ನಮ್ಮ ಗಡಿಯ ತಂಟೆಯನ್ನು ನಾನು ಹುಟ್ಟಿದಾಗಿನಿಂದ ಕೇಳುತ್ತ ಬಂದಿದ್ದೇನೆ. ಯಾವ ಊರು ಯಾರದೆಂದು ಬಸ್ಸಿಗೆ ಕಲ್ಲು ಬಿದ್ದಿವೆ, ಬೋರ್ಡಿಗೆ ಡಾಂಬರು ಬಿದ್ದಿದೆ. ಖಲಬತ್ತಾ ಯಾರದೆಂದು ಮಾತ್ರ ಇದುವರೆಗೆ ಯಾರೂ ಮೆರವಣಿಗೆ ತೆಗೆದಿಲ್ಲ.

ರೋಮ್

ರೋಮ್‌ನಲ್ಲಿ ಜೀರಿಗೆ ನಡೆಯಲಿಲ್ಲ. ಅಲ್ಲಿ ನಾಯಿ ಇತ್ತು. ನಮ್ಮ ಶಾಲೆಯ ಇನ್‌ಸ್ಪೆಕ್ಟರರಿಗಿಂತ ಗಂಭೀರವಾದ ನಾಯಿ. ಅದು ಚೀಲದ ಸುತ್ತ ಒಂದು ಪ್ರದಕ್ಷಿಣೆ ಹಾಕಿತು, ಖಲಬತ್ತಾದೊಳಗೆ ಮೂತಿ ಇಟ್ಟಿತು, ಆಮೇಲೆ ಸೀನತೊಡಗಿತು. ನಲವತ್ತೇಳು ವರ್ಷದ ಬ್ಯಾಡಗಿ ಮೆಣಸಿನಕಾಯಿ ಆ ಹಿತ್ತಾಳೆಯಲ್ಲಿ ಇಂಗಿದೆ, ಎಷ್ಟು ತೊಳೆದರೂ ಹೋಗುವುದಿಲ್ಲ. ನಾಯಿ ಸೀನಿ ಸೀನಿ ಕೆಲಸ ಬಿಟ್ಟು ಕೂತಿತು. ಅದನ್ನು ಹಿಡಿದಿದ್ದವನು ತಾನೂ ಒಳಗೆ ಬೆರಳಾಡಿಸಿ ನೋಡಿದ, ಅದೇ ಬೆರಳಿನಿಂದ ಕಣ್ಣುಜ್ಜಿಕೊಂಡ. ಮುಂದಿನ ಅರ್ಧ ಗಂಟೆ ನಾವು ಅವನ ಶತ್ರುಗಳಾಗಿದ್ದೆವು.

ನನ್ನ ಇಂಗ್ಲಿಷ್ ಅವನಿಗೆ ತಿಳಿಯಲಿಲ್ಲ, ಅವನದು ನನಗೆ ತಿಳಿಯಲಿಲ್ಲ. ಕೊನೆಗೆ ನಾನು ಸೀರೆ ಸಿಕ್ಕಿಸಿ ಆ ನಿಲ್ದಾಣದ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಕುಟ್ಟಿ ತೋರಿಸಿದೆ. ಜನ ಸೇರಿದರು. ಒಬ್ಬಳು ಮುದುಕಿ ಚಪ್ಪಾಳೆ ಹೊಡೆದಳು. ಮಾವನವರು ಆಮಂತ್ರಣದ ಕಾಗದ ತೆಗೆದು ಕೊಟ್ಟರು. ಅದರ ಮೇಲಿನ ಮುದ್ರೆ ನೋಡಿದ್ದೇ ಎಲ್ಲರೂ ನಕ್ಕು ಬಿಟ್ಟುಬಿಟ್ಟರು. "ಮೊದಲ ಯಾಕ ತಗೀಲಿಲ್ರಿ ಅದನ್ನ?" ಎಂದೆ. "ನೀ ಭಾಳ ಚಂದ ಕುಟ್ಟಾಕತ್ತಿದ್ದಿ," ಎಂದರು.

ಗುಡ್ಡದೂರು

ಊರಿನ ಹೆಸರು ಉದ್ದ, ನನ್ನ ನಾಲಿಗೆಗೆ ಹತ್ತುವುದಿಲ್ಲ. ಯುದ್ಧದ ಕಾಲದಲ್ಲಿ ಮಾವನವರು ಅದಕ್ಕೆ ಗುಡ್ಡದೂರು ಎಂದು ಹೆಸರಿಟ್ಟಿದ್ದರು, ನಾನೂ ಅದನ್ನೇ ಬಳಸುತ್ತೇನೆ. ನಮ್ಮನ್ನು ಇಳಿಸಿಕೊಂಡದ್ದು ಅಸುಂತಾ ಎಂಬ ಅಜ್ಜಿಯ ಮನೆಯಲ್ಲಿ. ಅತ್ತೆಯ ವಯಸ್ಸು, ಅತ್ತೆಯದೇ ಗಂಟಲು. ಅವಳ ಮೊಮ್ಮಗಳು ಪಾವೊಲಾಗೆ ಇಂಗ್ಲಿಷ್ ಬರುತ್ತಿತ್ತು. ನನ್ನಷ್ಟೇ ಬರುತ್ತಿದ್ದುದರಿಂದ ನಮ್ಮಿಬ್ಬರಿಗೆ ಚೆನ್ನಾಗಿ ಹೊಂದಿತು.

ಅಲ್ಲಿಯ ಜನ ಕಾಫಿಯನ್ನು ಗೊಂಬೆಯಾಟದ ಬಟ್ಟಲಲ್ಲಿ, ಅದೂ ನಿಂತುಕೊಂಡೇ, ಒಂದೇ ಗುಟುಕಿಗೆ ಮುಗಿಸುತ್ತಾರೆ. ನಮ್ಮಲ್ಲಿ ಬಸ್ ಹೊರಟಾಗ ಚಹಾ ಕುಡಿಯುವ ರೀತಿ. ಆದರೆ ಅವರಿಗೆ ಯಾವ ಬಸ್ಸೂ ಇಲ್ಲ, ಕುಡಿದಾದ ಮೇಲೆ ಎರಡು ತಾಸು ಅಲ್ಲೇ ಮಾತಾಡುತ್ತ ನಿಲ್ಲುತ್ತಾರೆ. ಚೌಕದ ಕಟ್ಟೆಯ ಮೇಲೆ ಮುದುಕರು ಕೂತು ಹೋಗಿ ಬರುವವರ ಬಗ್ಗೆ ಷರಾ ಬರೆಯುತ್ತಾರೆ. ಆ ಕಟ್ಟೆಯನ್ನು ನೋಡಿ ಮಾವನವರು ತಾವಾಗಿ ಹೋಗಿ ಕೂತರು. ಭಾಷೆ ಬಾರದಿದ್ದರೂ ಮಧ್ಯಾಹ್ನದೊಳಗೆ ಆ ಊರಿನ ಅಧ್ಯಕ್ಷ ಏನೂ ಕೆಲಸ ಮಾಡುವುದಿಲ್ಲ ಎಂಬ ಸುದ್ದಿ ಅವರಿಗೆ ತಿಳಿದಿತ್ತು.

ಸಂಜೆಯ ಸಭೆಗೆ ಮೊದಲು ಶಿಲ್ಪಿ ತಾನು ಕೆಲಸ ಮಾಡುವ ಕೊಟ್ಟಿಗೆಗೆ ಕರೆದೊಯ್ದ. ಗಡ್ಡದವನು, ಹೆಸರು ಬ್ರೂನೋ. ಒಳಗೆ ತುಕ್ಕು ಹಿಡಿದ ಕಬ್ಬಿಣದ ರಾಶಿ. ಟ್ಯಾಂಕಿನ ಪಟ್ಟಿ, ಬಾಂಬಿನ ಬಾಲ, ಮುರಿದ ನಳಿಕೆ, ಮುಳ್ಳುತಂತಿ. ನಡುವೆ ಮುಸುಕು ಹಾಕಿದ ಶಿಲ್ಪ. ಒಂದು ತಾಸು ಅದರ ಅರ್ಥ ಹೇಳಿದ. ಮನುಷ್ಯನ ಗಾಯ, ಗಾಯದಿಂದ ಕ್ಷಮೆ, ಕ್ಷಮೆಯಿಂದ ರೆಕ್ಕೆ, ರೆಕ್ಕೆಯಿಂದ ಪಾರಿವಾಳ. ಪಾವೊಲಾ ನನಗೆ ಹೇಳಿದಳು, ನಾನು ಮಾವನವರಿಗೆ ಹೇಳಿದೆ. ಬರುತ್ತ ಬರುತ್ತ ಅರ್ಥ ಸವೆದು ಸಣ್ಣದಾಗಿತ್ತು.

"ನಿಪ್ಪಾಣಿ ಗುಜರಿ ಅಂಗಡ್ಯಾಗ ಇಷ್ಟೇ ಸಾಮಾನ ಇರ್ತಾವು," ಎಂದರು ಮಾವ. "ಅಂವ ಪಾಪ ಹಿಂಗ ಬಾಯಿ ಬಡಕೊಳ್ಳೂದಿಲ್ಲ."

ಸಭೆಯಲ್ಲಿ ಅಧ್ಯಕ್ಷ ಮೂರು ಬಣ್ಣದ ಪಟ್ಟಿ ಅಡ್ಡ ಹಾಕಿಕೊಂಡು ಭಾಷಣ ಮಾಡಿದ. ಮಾವನವರು ಗಂಟು ಬಿಚ್ಚಿ ಖಲಬತ್ತಾ ಮೇಜಿನ ಮೇಲಿಟ್ಟರು. ದಿನಾ ಕೈಯಾಡಿದ್ದು, ಹುಣಸೆಹಣ್ಣಿನಿಂದ ತಿಕ್ಕಿದ್ದು, ದೀಪದಂತೆ ಹೊಳೆಯಿತು. ಬ್ರೂನೋ ಅದನ್ನು ಎರಡೂ ಕೈಯಲ್ಲಿ ಎತ್ತಿ ಮುಖದ ಹತ್ತಿರ ಹಿಡಿದ. ಕಣ್ಣಲ್ಲಿ ನೀರು ಬಂತು. ಭಾವವೋ ಬ್ಯಾಡಗಿಯೋ, ದೇವರೇ ಬಲ್ಲ. ಇದೇ ನನ್ನ ಪಾರಿವಾಳದ ಹೃದಯ, ಇದು ನಮ್ಮಲ್ಲೇ ಉಳಿಯಬಹುದೇ ಎಂದು ಕೇಳಿದ.

ನಮ್ಮ ಕಡೆ ಒಂದು ಪದ್ಧತಿ ಇದೆ. ಮನೆಗೆ ಬಂದವರು ನಿಮ್ಮ ಯಾವುದೇ ವಸ್ತುವನ್ನು ಚೆನ್ನಾಗಿದೆ ಎಂದರೆ, "ನಿಮ್ದ ಐತ್ರಿ, ತಗೊಂಡ ಹೋಗ್ರಿ" ಎನ್ನಬೇಕು. ಹಾಗೆ ಅಂದಕೂಡಲೇ ಬಂದವರು, "ಛೇ ಛೇ, ನಿಮ್ಮಲ್ಲೇ ಇರಲ್ರಿ, ನಮ್ಮಲ್ಲಿದ್ರೇನು ನಿಮ್ಮಲ್ಲಿದ್ರೇನು" ಎನ್ನಬೇಕು. ಇಬ್ಬರ ಮರ್ಯಾದೆಯೂ ಉಳಿಯುತ್ತದೆ, ವಸ್ತುವೂ ಉಳಿಯುತ್ತದೆ. ಹೀಗೆ ಮಾವನವರು ನಮ್ಮ ಎಮ್ಮೆ, ಸೈಕಲ್, ಗೋಡೆ ಗಡಿಯಾರ ಎಲ್ಲವನ್ನೂ ಎಷ್ಟೋ ಜನರಿಗೆ ಕೊಟ್ಟಿದ್ದಾರೆ. ಎಲ್ಲವೂ ನಮ್ಮ ಮನೆಯಲ್ಲೇ ಇವೆ.

"ನಿಮ್ದ ಐತ್ರಿ, ತಗೋರಿ," ಎಂದರು ಮಾವ, ಕೈಮುಗಿದು.

ನಾನು, ಹದಿನೈದು ವರ್ಷ ಅನುವಾದದ ಅಂಕ ಕತ್ತರಿಸಿದವಳು, ಅಕ್ಷರವೂ ತಪ್ಪದಂತೆ ಇಂಗ್ಲಿಷಿಗೆ ತಿರುಗಿಸಿದೆ. ಸಭೆಗೆ ಸಭೆಯೇ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ಬ್ರೂನೋ ಮಾವನವರ ಎರಡೂ ಕೆನ್ನೆಗೆ ಮುತ್ತಿಟ್ಟು, ಖಲಬತ್ತಾವನ್ನು ಕಂಕುಳಲ್ಲಿ ಇಟ್ಟುಕೊಂಡು ನಡೆದೇಬಿಟ್ಟ.

ಮಾವನವರು ಕೆನ್ನೆ ಒರೆಸಿಕೊಳ್ಳುತ್ತ ನನ್ನ ಕಡೆ ತಿರುಗಿದರು.

"ಮಾಲು, ಅಂವ ಬ್ಯಾಡ ಅನ್ನಲೇ ಇಲ್ಲಲ್ಲ?"

ತಿರುವು

ಮರುದಿನ ಬೆಳಿಗ್ಗೆ ಮಾವನವರು ಚಹಾ ಮುಟ್ಟಲಿಲ್ಲ. ನಡಿ, ಕೆಳಗೆ ಹೋಗಿ ಬರೋಣ ಎಂದರು. ಊರಿನಿಂದ ಇಳಿಯುವ ದಾರಿಯಲ್ಲಿ ಒಂದು ತಿರುವು ಬರುತ್ತದೆ. ಈಗ ಅಲ್ಲಿ ಐಸ್‌ಕ್ರೀಮಿನ ಅಂಗಡಿ ಇದೆ, ಪಟ್ಟೆಪಟ್ಟೆ ಕೊಡೆಗಳಿವೆ. ಮಾವನವರು ಅಂಗಡಿಯ ಪಕ್ಕದ ಕಲ್ಲುಗೋಡೆಯ ಹತ್ತಿರ ನಿಂತರು. ಜೇಬಿನಿಂದ ಕಾಗದದ ಪೊಟ್ಟಣ ತೆಗೆದರು. ಒಳಗೆ ನಮ್ಮ ಗಾಣದ ಬೆಲ್ಲದ ತುಂಡು. ಅದನ್ನು ಗೋಡೆಯ ಮೇಲಿಟ್ಟರು.

"ಚಂದ್ರಿ ಅಂತ ನನ್ನ ಖಚ್ಚರ," ಎಂದರು. "ಬೆಲ್ಲ ಅಂದ್ರ ಜೀವ. ಮ್ಯಾಲ ಗುಂಡ ಮುಟ್ಸಿ ಖಾಲಿ ಹೇರ್ಕೊಂಡ ಇಳಿಯಾಕತ್ತಿದ್ವಿ. ಇಲ್ಲೇ ಬಂದ ಬಿತ್ತ ನೋಡ ಬಾಂಬ, ಮ್ಯಾಲಿಂದ. ನಾ ಈ ಗ್ವಾಡಿಗೆ ಇದ್ದೆ. ಅಕಿ ಆ ಕಡೆ ಇದ್ಲು. ಅಷ್ಟ ಫರಕ."

ಅವಳ ಬೆನ್ನ ಮೇಲಿದ್ದ ಖಾಲಿ ಕವಚಗಳಲ್ಲಿ ಒಂದನ್ನು ಅವರು ಕದ್ದು ಇಟ್ಟುಕೊಂಡಿದ್ದರು. ಅದೇ ನಮ್ಮ ಖಲಬತ್ತಾ. ನಾನು ಆ ಮನೆ ಸೇರಿ ಹದಿನೆಂಟು ವರ್ಷ, ದಿನಾ ಅದರ ಹಿಂಡಿ ತಿಂದಿದ್ದೇನೆ. ಇದೊಂದು ಮಾತು ಕೇಳಿರಲಿಲ್ಲ.

"ಅತ್ತಿಯವರಿಗೆ ಹೇಳಿಲ್ಲೇನ್ರಿ?"

"ಖಚ್ಚರ ಸತ್ತದ್ದಕ್ಕ ಅತ್ತ ಗಂಡಸ ಅಂತ ನಗತಾಳ. ಒಮ್ಮೆ ಚಂದ್ರಿ ಹತ್ತಿ ಬಂದ ದಾರಿ ಖಲಬತ್ತಾಕ್ಕ ತೋರಿಸಿ ಒಯ್ಯೂಣು ಅಂತ ತಂದಿದ್ದೆ." ಗೋಡೆಯ ಮೇಲಿನ ಬೆಲ್ಲವನ್ನು ತುಸು ಒಳಗೆ ಸರಿಸಿದರು. "ಕೊಟ್ಟ ಮಾತ ಹೊಳ್ಳಿ ತಗೊಳ್ಳಾಕ ಬರೂದಿಲ್ಲ. ಅದ ಇಲ್ದ ನಿಮ್ಮತ್ತಿ ಮುಂದ ಹೋಗಾಕೂ ಬರೂದಿಲ್ಲ. ನಾ ಇಲ್ಲೇ ಕಟ್ಟಿ ಮ್ಯಾಲ ಇದ್ದ ಬಿಡ್ಲೇನ?"

ಎಪ್ಪತ್ತರ ಮನುಷ್ಯ ಅರ್ಧ ತಮಾಷೆಗೆ ಅಂದ ಮಾತು. ಉಳಿದರ್ಧ ತಮಾಷೆಯಾಗಿರಲಿಲ್ಲ.

ಅಸುಂತಾಳ ಅಡಿಗೆಮನೆ

ನಾನು ನೇರ ಅಸುಂತಾಳ ಅಡಿಗೆಮನೆಗೆ ಹೋಗಿ ಪಾವೊಲಾಳ ಮೂಲಕ ಎಲ್ಲ ಹೇಳಿಕೊಂಡೆ. ಅಜ್ಜಿ ಕೋಳಿಗೆ ಕಾಳು ಹಾಕಲು ಹೊರಟಿದ್ದಳು. ನನ್ನ ಕತೆ ಕೇಳುತ್ತ ಕೇಳುತ್ತ ಕೈಯಲ್ಲಿದ್ದ ಬೋಗುಣಿಯನ್ನು ಮೇಜಿನ ಮೇಲಿಟ್ಟಳು. ಅದು ಬೋಗುಣಿಯಲ್ಲ, ಮರದ ಹಿಡಿಕೆ ಜಡಿದ ಸಿಪಾಯಿಯ ಕಬ್ಬಿಣದ ಟೊಪ್ಪಿಗೆ. ಆಮೇಲೆ ಒಂದೊಂದಾಗಿ ಕಣ್ಣಿಗೆ ಬಿದ್ದವು. ಹುರುಳಿಕಾಯಿ ಬೀಜ ತುಂಬಿಟ್ಟದ್ದು ಮದ್ದುಗುಂಡಿನ ಡಬ್ಬಿಯಲ್ಲಿ. ಕಿಟಕಿಯ ಪರದೆ ಪ್ಯಾರಾಶೂಟಿನ ಬಟ್ಟೆ. ಮೇರಿಮಾತೆಯ ಮುಂದೆ ಹೂ ಇಟ್ಟದ್ದು ಥೇಟ್ ನಮ್ಮ ಖಲಬತ್ತಾದಂಥದೇ ಹಿತ್ತಾಳೆಯ ಕವಚದಲ್ಲಿ.

ಶಿಲ್ಪಕ್ಕೆ ಸಾಮಾನು ಕೂಡಿಸುವ ಸಮಿತಿಯವರು ಇವನ್ನು ಕೇಳಲಿಲ್ಲವೇ ಎಂದೆ. ಕೇಳಿದ್ದರಂತೆ. ಮನೆಮನೆಗೂ ಬಂದಿದ್ದರಂತೆ. ನಮ್ಮಲ್ಲಿ ಯುದ್ಧದ್ದು ಏನೂ ಇಲ್ಲ ಎಂದು ಊರಿನ ಹೆಂಗಸರೆಲ್ಲ ಒಂದೇ ಬಾಯಿಂದ ಹೇಳಿದ್ದರಂತೆ. ಗಂಡಸರು ಹೊಲದ ಬದುವಿನಲ್ಲಿ ಕಾಲಿಗೆ ತೊಡರುತ್ತಿದ್ದ ತುಕ್ಕಿನ ತುಂಡುಗಳನ್ನು ಕೊಟ್ಟು ಫೋಟೋ ತೆಗೆಸಿಕೊಂಡರಂತೆ. ಬ್ರೂನೋನ ರಾಶಿಯಲ್ಲಿ ಬರೀ ತುಕ್ಕೇ ಯಾಕಿತ್ತು ಎಂಬುದು ನನಗೆ ಆಗ ತಿಳಿಯಿತು. ಗಾಯದಿಂದ ಕ್ಷಮೆ, ಕ್ಷಮೆಯಿಂದ ರೆಕ್ಕೆ ಎಂದು ಅವನು ಐವತ್ತು ವರ್ಷದ ಮೇಲೆ ಹುಡುಕುತ್ತಿದ್ದದ್ದನ್ನು ಈ ಹೆಂಗಸರು ಯುದ್ಧ ಮುಗಿದ ವಾರವೇ ಹಿಡಿಕೆ ಜಡಿದು ಬಳಕೆಗೆ ತಂದಿದ್ದರು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಹಾಗೆ ಅದು ಯಾವ ಸಮಿತಿಗೂ ಕಾಣಲಿಲ್ಲ.

ಅಸುಂತಾ ಮಾತೆಗೆ ಕೈಮುಗಿದು ಕವಚದ ಹೂವನ್ನು ಲೋಟಕ್ಕೆ ವರ್ಗಾಯಿಸಿದಳು. ನೀರು ಚೆಲ್ಲಿ, ಕವಚವನ್ನು ಸೆರಗಿಗೆ ಒರೆಸಿ, ಅಂದರೆ ಅವಳ ಏಪ್ರನ್ನಿಗೆ ಒರೆಸಿ, ನಡಿ ಎಂದಳು.

ಚೌಕ

ಕೊಟ್ಟಿಗೆಯಲ್ಲಿ ಖಲಬತ್ತಾ ಆಗಲೇ ಪಾರಿವಾಳದ ಎದೆ ಸೇರಿತ್ತು. ಅಸುಂತಾ ಬಾಗಿಲಿನಿಂದಲೇ ಶುರು ಮಾಡಿದಳು. ಒಂದಕ್ಷರ ತಿಳಿಯದಿದ್ದರೂ ನನಗೆ ಎಲ್ಲ ತಿಳಿಯಿತು. ನಮ್ಮ ಅತ್ತೆ ಹಾಲಿಗೆ ನೀರು ಬೆರೆಸಿದವನನ್ನು ಬೈಯುವ ಧಾಟಿ ಅದು. ಬ್ರೂನೋ ಕಲೆ ಎಂದ, ಇತಿಹಾಸ ಎಂದ, ಕೊನೆಗೆ ನಟ್ಟು ತಿರುಗಿಸುವ ಪಾನಾ ಎತ್ತಿಕೊಂಡು ಬಿಚ್ಚಿಕೊಟ್ಟ. ಅಸುಂತಾಳ ಹೂವಿನ ಕವಚ ಆ ಜಾಗಕ್ಕೆ ಕೂತಿತು.

ಉಳಿದದ್ದು ಹಿತ್ತಾಳೆಯ ಫಲಕ. ಹೃದಯ, ಭಾರತದ ಸೈನಿಕನ ಕೊಡುಗೆ ಎಂದು ಅದರಲ್ಲಿ ಆಗಲೇ ಕೊರೆದಾಗಿತ್ತು. ಹೊಸದು ಮಾಡಿಸಬೇಕಾದರೆ ಸಮಿತಿಯ ಸಭೆ ಕರೆಯಬೇಕು, ಆ ಸಮಿತಿ ಎಂದೂ ಒಮ್ಮತಕ್ಕೆ ಬರುವುದಿಲ್ಲ, ಹಾಗೇ ಇರಲಿ ಎಂದ ಅಧ್ಯಕ್ಷ. ಮಾವನವರಿಗೆ ಹೇಳಿದೆ.

"ನಾ ಅಂತೂ ಹೊಳ್ಳಿ ಕೇಳಿಲ್ಲ. ಹೆಂಗಸರು ಅದಲಿ ಬದಲಿ ಮಾಡ್ಕೊಂಡ್ರ ನನಗೇನ ಗೊತ್ತು?"

ಅನಾವರಣದ ದಿನ ಬ್ಯಾಂಡು, ಪಾದ್ರಿ, ಶಾಲೆಯ ಮಕ್ಕಳು, ಮುಗಿಯದ ಭಾಷಣ. ಭಾಷಣದ ವಿಷಯದಲ್ಲಿ ಯುರೋಪ್ ನಮಗಿಂತ ಒಂದಿಂಚೂ ಮುಂದೆ ಹೋಗಿಲ್ಲ. ಮುಸುಕು ಎಳೆದರು. ಬಗ್ಗಿದ ಬೆನ್ನು, ನಾಲ್ಕು ಕಂಬ, ಮೇಲಕ್ಕೆ ನಿಮಿರಿದ ಎರಡು ಉದ್ದ ತಗಡು. ಎಲ್ಲರೂ ಅರ್ಥವಾದವರಂತೆ ಸುಮ್ಮನಿದ್ದರು. ಆ ಮೌನದಲ್ಲಿ ಮಾವನವರ ದನಿ ಚೌಕಕ್ಕೆಲ್ಲ ಕೇಳಿತು.

"ಖಚ್ಚರ! ಮಾಲು, ಕಿವಿ ನೋಡ! ಹೇರಿದ್ದ ಖಚ್ಚರ!"

ಪಾವೊಲಾ ನನ್ನ ಕಡೆ ನೋಡಿದಳು. ನಾನು ಈ ಸಲವೂ ಅಕ್ಷರ ತಪ್ಪದಂತೆ ತಿರುಗಿಸಿದೆ. ಅಸುಂತಾ, ಖಚ್ಚರಕ್ಕೆ ಅವರ ಮಾತಿನಲ್ಲಿ ಅನ್ನುವಂತೆ, "ಮೂಲೋ!" ಎಂದು ಕೂಗಿ ತೊಡೆ ತಟ್ಟಿಕೊಂಡಳು. ಕಟ್ಟೆಯ ಮುದುಕರು ಹೌದೌದು ಎಂದು ಎದ್ದು ನಿಂತರು. ಅವರೂ ಆ ದಾರಿಯಲ್ಲಿ ಖಚ್ಚರ ಹೊಡೆದವರೇ ಇರಬೇಕು. ರೆಕ್ಕೆ, ಅವು ರೆಕ್ಕೆ ಎಂದು ಬ್ರೂನೋ ಒದ್ದಾಡಿದ. ಯಾರು ಕೇಳುತ್ತಾರೆ? ಮಾವನವರು ಮುಂದೆ ಹೋಗಿ, ಕಾಲು ಜೋಡಿಸಿ, ಆ ಕಿವಿಗಳಿಗೆ ಸೆಲ್ಯೂಟ್ ಹೊಡೆದರು. ಕೈ ಇಳಿಸಲು ತುಂಬ ಹೊತ್ತು ತೆಗೆದುಕೊಂಡರು.

ಮತ್ತೆ ಸದಲಗಾ

ಅತ್ತೆ ಮೊದಲು ಖಲಬತ್ತಾ ಇಸಿದುಕೊಂಡರು, ಆಮೇಲೆ ಹೇಗಿದ್ದೀರಿ ಎಂದು ಕೇಳಿದರು. ಒಳಗೆ ಇಣುಕಿದವರು ಹಾಗೇ ನಿಂತರು. ಬುಡದಲ್ಲಿ ಬೆಳಕು ಕಾಣುತ್ತಿತ್ತು. ಬುಡದ ನಡುವೆ ತಿರುಪಿನ ಬಿಲ್ಲೆಯೊಂದಿತ್ತು. ಬ್ರೂನೋ ಅದನ್ನು ಬಿಚ್ಚಿ ಅಲ್ಲಿಂದ ಬೋಲ್ಟ್ ತೂರಿಸಿದ್ದ. ಬಿಲ್ಲೆ ಅವನ ತುಕ್ಕಿನ ರಾಶಿಯಲ್ಲೇ ಉಳಿದಿರಬೇಕು. ಅವಸರದಲ್ಲಿ ನಾನು ನೋಡಿರಲಿಲ್ಲ.

"ಇದೇನ್ರಿ ಇದು?"

ಮಾವನವರು ಹೊಸ್ತಿಲ ಮೇಲೆ ಕೂತು ಎಲ್ಲ ಹೇಳಿದರು. ಮುಂಬಯಿಯಿಂದ ಶುರುವಾದ ಮಾತು ಚಂದ್ರಿಯ ತನಕ ಬಂತು. ಅತ್ತೆ ನಗುತ್ತಾರೆಂದು ನಾನೂ ಅಂಜಿದ್ದೆ. ಅತ್ತೆ ನಗಲಿಲ್ಲ.

"ಅಕಿಗೆ ಸರಕಾರ ಏನ ಕೊಟ್ಟಿತು?"

"ಯಾರಿಗೆ, ಚಂದ್ರಿಗೆ? ಖಚ್ಚರಕ್ಕ ಏನ ಕೊಡತಾರ?"

"ನಿಮಗ?"

"ಮೆಡಲ್."

"ಎಲ್ಲೈತಿ?"

"ಟ್ರಂಕಿನ್ಯಾಗ."

"ತಗೀರಿ."

ಮಾವನವರು ಬೇಡ ಎನ್ನಲಿಲ್ಲ. ಬುಧವಾರ ಕಲಾಯಿ ಹಾಕುವವನು ಓಣಿಗೆ ಬಂದಾಗ ಅತ್ತೆ ಎದುರಿಗೇ ಕೂತು ಕೆಲಸ ಮಾಡಿಸಿದರು. ಮೆಡಲ್ಲನ್ನು ಒಳಗಿನಿಂದ ತೂತಿನ ಮೇಲೆ ಕೂಡಿಸಿ, ಸುತ್ತ ಬೆಸೆದು, ಒಳಗೆಲ್ಲ ಕಲಾಯಿ ಹಾಕಿದ. ಮೆಡಲ್ಲಿನ ಮೇಲೆ ಇಂಗ್ಲಂಡಿನ ದೊರೆಯ ಮುಖ. ಮೇಲ್ಮುಖವಾಗಿ ಕೂತಿದ್ದರಿಂದ ಈಗ ದಿನಾ ಬೆಳಿಗ್ಗೆ ಅವನ ಮೂಗಿನ ಮೇಲೆ ಖಾರ, ಬೆಳ್ಳುಳ್ಳಿ, ಶೇಂಗಾ ಬೀಳುತ್ತವೆ. ಮೊದಲ ವಾರವೇ ದೊರೆಯ ಕಿವಿ ಸವೆಯಿತು.

ನಾವು ಬಂದ ಸುದ್ದಿ ಹಬ್ಬಿ ಚಿಕ್ಕೋಡಿಯಿಂದ ಒಬ್ಬ ಪುಢಾರಿ ನಾಲ್ಕು ಜನರನ್ನು ಕಟ್ಟಿಕೊಂಡು ಬಂದರು. ನಮ್ಮಲ್ಲೂ ಒಂದು ಶಾಂತಿ ಶಿಲ್ಪ ಆಗಬೇಕು, ಸಮಿತಿ ಮಾಡಿದ್ದೇವೆ, ಅಧ್ಯಕ್ಷರು ನಾವೇ ಎಂದರು. ಅತ್ತೆ ರೊಟ್ಟಿ ಹಿಂಡಿ ಬಡಿಸಿದರು. ಪುಢಾರಿಯವರು ಎರಡನೆಯ ಸಲ ಹಿಂಡಿ ಹಾಕಿಸಿಕೊಂಡು, ಬೆವರು ಒರೆಸುತ್ತ, ಇಂಥ ರುಚಿ ಎಲ್ಲೂ ತಿಂದಿಲ್ಲ ಎಂದರು. ಆಮೇಲೆ ಬಂದ ಕೆಲಸಕ್ಕೆ ಇಳಿದರು.

"ಅಜ್ಜಿ, ಯುದ್ಧದ ಸಾಮಾನ ಮನ್ಯಾಗ ಏನರ ಅದಾವೇನ್ರಿ?"

ಮಾವನವರು ಅಭ್ಯಾಸಬಲದಿಂದ "ನಿಮ್ದ..." ಎಂದು ಬಾಯಿ ತೆರೆದರು. ಅತ್ತೆ ಅವರ ಬಾಯಿ ಮುಚ್ಚುವಂತೆ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದರು.

"ನಮ್ಮ ಮನ್ಯಾಗ ಯುದ್ಧದ್ದ ಏನೂ ಉಳದಿಲ್ರಿ," ಎಂದರು. "ಹಿಂಡಿ ಹಾಕ್ಲೇನ್ರಿ ಇನ್ನೊಂದೀಟು?"